ಅತ್ತೆಯ ಹೆಸರಿನ ಫೋನು

ನನ್ನ ಸೋದರತ್ತೆ ಮನೆ ಬದಲಾಯಿಸಿದ ದಿನ ಹೊಸ ಮನೆಯ ಹೊಸಿಲನ್ನು ಮೊದಲು ದಾಟಿದ್ದು ದೀಪವಲ್ಲ, ಉಪ್ಪಲ್ಲ, ದೇವರ ಪಟವೂ ಅಲ್ಲ. ಕೆಂಪು ಟವೆಲಿನಲ್ಲಿ ಸುತ್ತಿದ ಒಂದು ಟೆಲಿಫೋನು. ಪಾಲಹಳ್ಳಿಯ ನಮ್ಮ ಮನೆಯ ಗೋಡೆಯಿಂದ ಅದನ್ನು ತಾನೇ ವೈರು ಸಮೇತ ಕಿತ್ತು, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸಿ, ಪಾಂಡವಪುರದವರೆಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಬಲಗಾಲಿಟ್ಟು ಒಳಗೆ ಹೋದಳು. ಗೋಡೆಯ ಗೂಡಿನಲ್ಲಿ ಅದನ್ನು ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು.

"ಯಾಕವ್ವ, ಉಸ್ರೇ ಇಲ್ವಲ್ಲ ಇದ್ಕೆ?" ಎಂದು ನನ್ನನ್ನು ಕೇಳಿದಳು.

ಗಡಿಯಾರದೊಳಗೆ ಗಂಟೆ ಇರುವ ಹಾಗೆ ನಂಬರು ಫೋನಿನೊಳಗೇ ಇರುತ್ತದೆ ಎಂಬುದು ಅವಳ ನಂಬಿಕೆ. ಪೆಟ್ಟಿಗೆ ಹೊತ್ತು ತಂದರೆ ನಂಬರೂ ಹಿಂದೆ ಬರಬೇಕು. ಈಗ ಜೇಬಿನಲ್ಲಿ ಫೋನು ಇಟ್ಟುಕೊಂಡು ತಿರುಗುವವರಿಗೆ ಇದನ್ನು ಹೇಳಿದರೆ, ಸರಿಯಾಗಿಯೇ ಯೋಚಿಸಿದ್ದರಲ್ಲ ಎನ್ನುತ್ತಾರೆ. ತೊಂಬತ್ತರ ದಶಕದ ನಡುವಿನಲ್ಲಿ ಮಾತ್ರ ಅದು ಶುದ್ಧ ದಡ್ಡತನವಾಗಿತ್ತು. ನಾನು ಪಾಂಡವಪುರದಲ್ಲಿ ಶಾಲಾ ಮೇಡಂ ಆಗಿದ್ದವಳು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಬಾಯಲ್ಲಿ ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ನಾನು ನಕ್ಕದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಇಲ್ಲಿ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ. ಒಂದು ಹೆಸರನ್ನು ಬಿಡಲೇಬೇಕಾಗಿದೆ. ಅದು ಯಾಕೆಂದು ಓದುತ್ತ ಗೊತ್ತಾಗುತ್ತದೆ. ಒಬ್ಬನ ಹೆಸರನ್ನು ಬಿಟ್ಟ ಮೇಲೆ ಉಳಿದವರದ್ದನ್ನು ಬರೆದರೆ ಅವನೇ ದೊಡ್ಡವನಾಗಿ ಕಾಣುತ್ತಾನೆ, ಅದು ನನಗೆ ಬೇಡ.

ಅತ್ತೆ ನನ್ನ ಅಪ್ಪನ ಅಕ್ಕ. ಹದಿನೈದಕ್ಕೆ ಅವಳನ್ನು ಕೆ.ಆರ್. ಪೇಟೆ ಕಡೆಯ ಒಂದು ಊರಿಗೆ ಕೊಟ್ಟರು. ಮೂರು ವರ್ಷ ಕಳೆದರೂ ಮಕ್ಕಳಾಗಲಿಲ್ಲ ಎಂದು ಗಂಡ ನಾಗಮಂಗಲದ ಕಡೆಯಿಂದ ಇನ್ನೊಬ್ಬಳನ್ನು ತಂದ. ತಂದವನು ಇವಳಿಗೆ, ನೀನೂ ಇರು, ಕೊಟ್ಟಿಗೆ ಕೆಲಸಕ್ಕೆ ಆಳು ಬೇಕು ಎಂದನಂತೆ. ಅತ್ತೆ ಅವತ್ತೇ ಟ್ರಂಕು ಹೊತ್ತುಕೊಂಡು ತವರಿಗೆ ಬಂದಳು. ಆಮೇಲೆ ಆ ಊರಿನ ದಿಕ್ಕಿಗೆ ಕಾಲು ಹಾಕಿ ಮಲಗಿದಳೇ ಹೊರತು ತಲೆ ಹಾಕಿ ಮಲಗಲಿಲ್ಲ. ಅವನನ್ನು ಗಂಡ ಎಂದೂ ಕರೆಯಲಿಲ್ಲ. ‘ಆ ಊರೋನು’ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಅಕ್ಷರ ಅವನಿಗೆ ಖರ್ಚು ಮಾಡಿದ್ದನ್ನು ನಾನು ಕೇಳಿಲ್ಲ.

ತವರಿನಲ್ಲಿ ಅವಳು ಕೂತು ಉಂಡವಳಲ್ಲ. ಎರಡು ಎಮ್ಮೆ, ಒಂದು ಸೀಮೆಹಸು ಕಟ್ಟಿಕೊಂಡು, ಬೆಳಗಿನ ಜಾವ ಎದ್ದು ಹಾಲು ಕರೆದು, ಡೈರಿಗೆ ಹಾಕಿ ಬದುಕಿದಳು. ನಾನು ಓದಿದ್ದು ಆ ಹಾಲಿನಿಂದ. ನಮ್ಮ ಮನೆಗೆ ಫೋನು ಬಂದದ್ದೂ ಆ ಹಾಲಿನಿಂದಲೇ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದು, ಕೊನೆಗೊಂದು ದಿನ ಫೋನು ಬಂದಾಗ ಅದು ಅಪ್ಪನ ಹೆಸರಿನಲ್ಲಿ ಬಂತು. ಮನೆಯ ಗಂಡಸಿನ ಹೆಸರಲ್ಲವೇ ಬರಬೇಕು? ಯಾರೂ ಕೇಳಲಿಲ್ಲ, ಅತ್ತೆಯೂ ಆಗ ಕೇಳಲಿಲ್ಲ. ಆದರೆ ಅದನ್ನು ಆಳಿದ್ದು ಅವಳೇ. ನಮ್ಮ ಬೀದಿಗೆಲ್ಲ ಅದೊಂದೇ ಫೋನು. ಮದುವೆ ಕಾಗದಗಳಲ್ಲಿ ನಮ್ಮ ನಂಬರನ್ನು ‘ಪಿಪಿ’, ಅಂದರೆ ಪಕ್ಕದ ಮನೆಯ ಫೋನು, ಎಂದು ಬರೆದು ಅಚ್ಚು ಹಾಕಿಸುತ್ತಿದ್ದರು. ಗಂಟೆ ಹೊಡೆದರೆ ಅತ್ತೆ ಎತ್ತಿ, ಯಾರಿಗೆ ಎಂದು ಕೇಳಿ, ಜಗಲಿಗೆ ಬಂದು ಬೀದಿಯ ಆ ತುದಿಗೆ ಕೇಳುವಂತೆ ಕೂಗುತ್ತಿದ್ದಳು. ಕೂಗಿಸಿಕೊಂಡವರು ಕೈ ತೊಳೆದು ಓಡಿ ಬರುವಷ್ಟರಲ್ಲಿ ಆ ಕಡೆಯವರಿಂದ ಅರ್ಧ ಸಮಾಚಾರ ಅವಳೇ ತೆಗೆದುಕೊಂಡಿರುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಮನೆ ಅಣ್ಣನ ಕೈಗೆ ಬಂತು. ಅಣ್ಣ ಕೆಟ್ಟವನಲ್ಲ, ನಾಲ್ಕು ಜನ ಏನೆನ್ನುತ್ತಾರೋ ಎಂದು ಹೆದರುವವನು. ಕೆಟ್ಟವರ ಜೊತೆಗಾದರೂ ಜಗಳವಾಡಬಹುದು, ಇಂಥವರ ಜೊತೆ ಆಗುವುದಿಲ್ಲ. ಆ ವರ್ಷವೇ ಕೆ.ಆರ್. ಪೇಟೆ ಕಡೆಯಿಂದ ಫೋನುಗಳು ಶುರುವಾದವು. ಮಾತಾಡುತ್ತಿದ್ದವನು ಆ ಮನುಷ್ಯನ ಎರಡನೇ ಹೆಂಡತಿಯ ಮಗ. ಅವನ ತಾಯಿ ಸತ್ತಿದ್ದಳು. ತಂದೆಗೆ ಲಕ್ವ ಹೊಡೆದು ಮಲಗಿಬಿಟ್ಟಿದ್ದ. ಸೊಸೆ ಮುಟ್ಟುವುದಿಲ್ಲ ಎಂದಿದ್ದಳು. ಆದ್ದರಿಂದ ದೊಡ್ಡವ್ವ ಬಂದು ನೋಡಿಕೊಳ್ಳಬೇಕು. ದೊಡ್ಡವ್ವ ಎಂದರೆ ನನ್ನ ಅತ್ತೆ. ನಲವತ್ತೇಳು ವರ್ಷದಲ್ಲಿ ಒಂದು ಹಿಡಿ ರಾಗಿ ಕೊಡದ ಮನೆಯಲ್ಲಿ ಅವಳು ಹೀಗೆ ಇದ್ದಕ್ಕಿದ್ದಂತೆ ದೊಡ್ಡವ್ವ ಆಗಿಬಿಟ್ಟಿದ್ದಳು. ಬರುವುದಿಲ್ಲ ಎಂದಾಗ ಆ ಹುಡುಗ ಅಂದದ್ದೇನು ಗೊತ್ತೇ? ಓಟಿನ ಪಟ್ಟಿ ತೆಗೆದು ನೋಡಿ, ರೇಷನ್ ಕಾರ್ಡ್ ತೆಗೆದು ನೋಡಿ, ಎಲ್ಲದರಲ್ಲೂ ನೀವು ನಮ್ಮಪ್ಪನ ಹೆಂಡತಿ ಅಂತಲೇ ಇದೆಯಲ್ಲ ಎಂದ.

ಅದು ನಿಜವಾಗಿತ್ತು. ಅದೇ ಅತ್ತೆಗೆ ತಾಗಿದ್ದು. ಡೈರಿಯ ಪುಸ್ತಕದಲ್ಲಿ ಕೂಡ, ಅವಳು ದಿನಾ ಸಹಿ ಹಾಕುವ ಸಾಲಿನಲ್ಲಿ, ಅವಳ ಹೆಸರಿನ ಪಕ್ಕಕ್ಕೆ ಅವನ ಹೆಸರಿತ್ತು.

ಅಣ್ಣ ಹೇಳಿದ, "ಎಷ್ಟಾದ್ರೂ ತಾಳಿ ಕಟ್ಟಿದೋನು ಕಣತ್ತೆ. ಸಾಯೋ ಕಾಲ್ದಲ್ಲಿ ಓಗಿ ನಾಕ್ ದಿನ ಇದ್ದು ಬಾ. ಜನ ಏನಂದಾರು?"

"ಯಾವ್ ಜನ್ವೋ?" ಎಂದಳು ಅತ್ತೆ. "ನಾನು ಟ್ರಂಕು ಒತ್ಕಂಡು ವಾಪಸ್ ಬಂದಾಗ ಇದೇ ಜನ, ಅವಳ್ದೇ ಏನೋ ಐಬು ಅಂದ್ರು ಕಣ್ಲಾ. ಆ ಜನುಕ್ಕೆ ಈಗ ನಾನು ಗಂಜಿ ಬೇಯ್ಸಿ ತೋರಿಸ್ಬೇಕಾ? ಮಾಡಿದ್ದುಣ್ಣೋ ಮಾರಾಯ ಅಂತ ಗಾದೆ ಮಾಡವ್ರೆ. ಉಣ್ಲಿ."

ಆದರೆ ಫೋನು ಬರುವುದು ನಿಲ್ಲಲಿಲ್ಲ, ಅಣ್ಣ ಹೇಳುವುದೂ ನಿಲ್ಲಲಿಲ್ಲ. ಒಂದು ತಿಂಗಳಾಗುತ್ತಲೇ ಅತ್ತೆ ಎಮ್ಮೆಗಳನ್ನು ಮಾರಿ, ಪಾಂಡವಪುರದಲ್ಲಿ ನನಗೊಂದು ಬಾಡಿಗೆ ಮನೆ ನೋಡು ಎಂದು ಹೇಳಿ ಕಳಿಸಿದಳು. ನಮ್ಮ ಮನೆಗೇ ಬಾ ಎಂದೆ. ನನ್ನ ಗಂಡನೂ ಕರೆದರು. "ಊರೋರ್ ಮನೇಲೆಲ್ಲ ಅತ್ತೆ ಆಗಿ ಇದ್ದದ್ದು ಸಾಕು. ಒಂದಿನ ನನ್ ಮನೇಲಿ ನಾನು ಇರ್ತೀನಿ," ಎಂದಳು. ಅರವತ್ತೈದು ವರ್ಷದ ಒಂಟಿ ಹೆಂಗಸಿಗೆ ಮನೆ ಕೊಡಲು ಜನ ಹಿಂದುಮುಂದು ನೋಡಿದರು. ಕೊನೆಗೆ ಕೊಟ್ಟವರು ನಮ್ಮ ಹಿಂದಿನ ಬೀದಿಯ ಸಾಹೇಬರು, ಲಾರಿ ಓಡಿಸಿ ಈಗ ಮನೆಯಲ್ಲಿದ್ದವರು. ಗಂಡಸರು ಯಾರೂ ಇರುವುದಿಲ್ಲವಾ ಎಂದು ಪಕ್ಕದವನೊಬ್ಬ ಅವರ ಎದುರಿಗೆ ಕೇಳಿದಾಗ, "ಬಾಡಿಗೆ ಅಮ್ಮ ಕೊಡ್ತಾರೆ, ನಾನು ತಗೋತೀನಿ. ಬೀಚ್ ಮೆ, ಮಧ್ಯದಲ್ಲಿ, ನಿಮ್ದು ಏನಪ್ಪಾ?" ಎಂದರು.

ಹೀಗೆ ಅತ್ತೆ ಆ ಟವೆಲಿನ ಗಂಟಿನೊಂದಿಗೆ ಬಂದಿಳಿದಳು. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಅವಳನ್ನೂ ಫೋನನ್ನೂ ಕರೆದುಕೊಂಡು ಶ್ರೀರಂಗಪಟ್ಟಣದ ಟೆಲಿಫೋನ್ ಆಫೀಸಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಕನ್ನಡಕದ ವಯಸ್ಸಾದ ಮನುಷ್ಯ. ಅತ್ತೆ ಟವೆಲು ಬಿಚ್ಚಿ ಮೇಜಿನ ಮೇಲೆ ಫೋನು ಇಟ್ಟಾಗ ಅವರು ಒಮ್ಮೆ ಅದನ್ನು, ಒಮ್ಮೆ ಅದರ ಮೇಲಿದ್ದ ಕುಂಕುಮವನ್ನು ನೋಡಿದರು.

"ಕಿತ್ಕೊಂಡೇ ಬಂದುಬಿಟ್ರಾ ಅಮ್ಮಾ?"

"ನಾನೇ ಕಿತ್ತಿದ್ದು. ಮುರಿದಿಲ್ಲ, ನೋಡ್ಕಳಿ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ತಾಳ್ಮೆಯಿಂದ ಹೇಳಿದರು. ನಂಬರು ಇರುವುದು ಎಕ್ಸ್‌ಚೇಂಜಿನಲ್ಲಿ, ಪೆಟ್ಟಿಗೆಯಲ್ಲಲ್ಲ. ಪೆಟ್ಟಿಗೆ ಇಲಾಖೆಯ ಆಸ್ತಿ. ಪಾಂಡವಪುರಕ್ಕೆ ಹೋದರೆ ಅಲ್ಲಿಯದೇ ಹೊಸ ನಂಬರು ಬರುತ್ತದೆ. ಶಿಫ್ಟ್ ಮಾಡಲು ಅರ್ಜಿ ಬೇಕು, ಆ ಮನೆಯ ಮಾಲೀಕರ ಒಪ್ಪಿಗೆ ಪತ್ರ ಬೇಕು. ಫೋನು ತೀರಿಹೋದವರ ಹೆಸರಿನಲ್ಲಿದ್ದರೂ ಸದ್ಯಕ್ಕೆ ತೊಂದರೆಯಿಲ್ಲ.

"ತಂದೆಯೋರ ಹೆಸರಲ್ಲೇ ಬಿಟ್ಬಿಡಿ ಮೇಡಂ," ಎಂದು ನನಗೆ ದನಿ ತಗ್ಗಿಸಿ ಹೇಳಿದರು. "ಎಷ್ಟೋ ಮನೇಲಿ ಸತ್ತೋರ ಹೆಸರಿಗೇ ಬಿಲ್ ಹೋಗ್ತಾ ಇರುತ್ತೆ. ಹೆಸರು ಬದಲಾಯಿಸಬೇಕು ಅಂದ್ರೆ ವಾರಸುದಾರರೆಲ್ಲ ಸಹಿ ಹಾಕ್ಬೇಕು, ಓಡಾಟ ಜಾಸ್ತಿ."

ಅವರು ದನಿ ತಗ್ಗಿಸಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಬೀದಿಯ ಆ ತುದಿಯ ಮಾತನ್ನು ಹಿಡಿದ ಕಿವಿ ಅತ್ತೆಯದು.

"ಸತ್ತೋರು ಮಾತಾಡಾಕಿಲ್ಲ ಸಾಮಿ. ಮಾತಾಡೋಳು ನಾನು. ನನ್ನೆಸ್ರಿಗೇ ಮಾಡಿ."

ಅಲ್ಲಿಗೆ ತೀರ್ಮಾನವಾಯಿತು. ಪೆಟ್ಟಿಗೆಯನ್ನು ಆಫೀಸಿಗೆ ಒಪ್ಪಿಸಿ, ರಸೀತಿ ಪಡೆದು, ಪಾಲಹಳ್ಳಿಗೆ ಹೋದೆವು. ವಾರಸುದಾರರು ಎಂದರೆ ನಾನು ಮತ್ತು ಅಣ್ಣ, ಅಮ್ಮ ಮೊದಲೇ ಹೋಗಿದ್ದಳು. ನಾನು ಬಸ್ಸಿನಲ್ಲೇ ಸಹಿ ಹಾಕಿದ್ದೆ. ಅಣ್ಣ ಜಗಲಿಯ ಮೇಲೆ ಕೂತಿದ್ದ. ಗೋಡೆಯಲ್ಲಿ ಫೋನು ಕಿತ್ತ ಜಾಗದ ಎರಡು ತೂತುಗಳು ಹಾಗೇ ಇದ್ದವು. ಒಪ್ಪಿಗೆ ಪತ್ರವನ್ನು ಓದಿದ, ಮಡಚಿದ, ಮತ್ತೆ ಓದಿದ.

"ಸೈನ್ ಆಕ್ತೀನಿ," ಎಂದ. "ಆದ್ರೆ ಒಂದ್ಕಿತ ಓಗಿ ಅವ್ರ್ ಮುಖ ನೋಡ್ಕಂಡು ಬಾ ಅತ್ತೆ. ಓದೆ, ನೋಡ್ದೆ, ಬಂದೆ. ಅಷ್ಟೇ. ಆಮೇಲೆ ನೀನು ಎಲ್ಲಾರ ಇರು, ಯಾವ್ ನಂಬರಾದ್ರೂ ಇಟ್ಕೊ."

ನನಗೆ ತಲೆ ಕೆಟ್ಟಿತು. ಅವಳ ಹಾಲಿನ ಫೋನಿಗೆ ಅವಳೇ ದಂಡ ಕಟ್ಟಬೇಕೇನೋ ಎಂದು ಕೂಗಿದೆ. ಅವಳು ನೋಡಿಕೊಂಡದ್ದಕ್ಕೇ ನೀನು ಇವತ್ತು ಕಾಲ ಮೇಲೆ ಕಾಲು ಹಾಕಿ ಕೂತಿದ್ದೀಯ ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಅಕ್ಕಪಕ್ಕದವರು ಹೊರಗೆ ಬಂದರು. ಫೋನು ಹೋದ ಮೇಲೆ ಆ ಬೀದಿಯ ಜನಕ್ಕೆ ಬೇರೆ ಸಮಾಚಾರ ಇರಲಿಲ್ಲ.

ಅತ್ತೆ ಮಾತ್ರ ಕೂಗಲಿಲ್ಲ. ಕಾಗದ ಇಸಿದುಕೊಂಡು ಸೆರಗಿನ ಗಂಟಿಗೆ ಸಿಕ್ಕಿಸಿದಳು.

"ಆಕಬ್ಯಾಡ ಬುಡು. ಪೆಟ್ಗೆ ವಾಪಸ್ ತಂದು ನಿನ್ ಗೋಡೆಗೇ ಒಡೀಲಿ. ಇನ್ಮೇಲೆ ಆ ಊರಿಂದ ಫೋನ್ ಬಂದ್ರೆ ನೀನೇ ಎತ್ತು. ಜನಕ್ಕೆ ಅಷ್ಟು ಎದ್ರೋನು ನೀನೇ ಓಗಿ ಅವ್ನ ಬಾಯಿಗೆ ಗಂಜಿ ಉಯ್ಯಿ, ಅವ್ನ ಬಟ್ಟೆ ಒಗಿ. ನೀನೂ ಗಂಡ್ಸು, ಅವ್ನೂ ಗಂಡ್ಸು, ನಾಚ್ಕೆ ಏನಿಲ್ಲ."

ಎದ್ದು ಮೆಟ್ಟಿಲಿಳಿದಳು. ಆಗ ಒಳಗಿನಿಂದ ಅತ್ತಿಗೆ ಬಂದಳು. ಅತ್ತಿಗೆ ಎಂದರೆ ಅಣ್ಣನ ಹೆಂಡತಿ, ಹದಿನೈದು ವರ್ಷದಲ್ಲಿ ಅವಳು ಜಗಲಿಯ ಮಾತಿಗೆ ಬಾಯಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಕೈಯಲ್ಲಿ ಮಗನ ಸ್ಕೂಲಿನ ಪೆನ್ನಿತ್ತು. ಅದನ್ನು ಗಂಡನ ಪಕ್ಕದಲ್ಲಿ, ನೆಲದ ಮೇಲೆ ಇಟ್ಟಳು.

"ಅತ್ತೆ ಕೊಟ್ಗೇಲಿದ್ದಾಗೆಲ್ಲ ಆ ಫೋನ್ಗಳ್ನ ಎತ್ತಿದೋಳು ನಾನು," ಎಂದಳು. "ಅವ್ರು ನಿಮ್ತಾವ ಮಾತಾಡೋ ಅಂಗೆ ನನ್ತಾವ ಮಾತಾಡಿಲ್ಲ. ಆಕಿ ಸೈನ್ನ."

ಅಷ್ಟೇ ಹೇಳಿ ಒಳಗೆ ಹೋದಳು. ಏನು ಮಾತಾಡಿದ್ದರು ಎಂದು ನಾನು ಕೇಳಲಿಲ್ಲ, ಅಣ್ಣನೂ ಕೇಳಿದಂತೆ ಕಾಣಲಿಲ್ಲ. ಅವನು ಅತ್ತೆಯನ್ನು ಹಿಂದಕ್ಕೆ ಕರೆದು ಸಹಿ ಹಾಕಿದ. ಅಕ್ಷರ ಸೊಟ್ಟಗಿದ್ದವು. ಅತ್ತೆ ಅವನ ತಲೆ ಮೇಲೆ ಒಂದು ಕುಟ್ಟಿ, "ಊಟ ಮಾಡ್ಲಾ, ಮುಖ ಬಾಡೋಗದೆ," ಎಂದು ಬಸ್ಸಿಗೆ ಹೊರಟಳು.

ಎರಡನೇ ಸಲ ಆಫೀಸಿಗೆ ಹೋದಾಗ ಗುಮಾಸ್ತರು ನಮ್ಮ ಗುರುತು ಹಿಡಿದು ಕುರ್ಚಿ ಕೊಟ್ಟರು. ಕಾಗದಗಳೆಲ್ಲ ಇದ್ದವು. ಅಪ್ಪನ ಮರಣ ಪತ್ರ, ನಮ್ಮಿಬ್ಬರ ಒಪ್ಪಿಗೆ, ಸಾಹೇಬರ ಪತ್ರ. ಅವರೇ ಫಾರಂ ತೆಗೆದು ತುಂಬತೊಡಗಿದರು. ಅತ್ತೆ ತನ್ನ ಹೆಸರನ್ನು ಹೇಳಿದಳು. ಮುಂದಿನ ಸಾಲಿಗೆ ಬಂದು ಅವರು ಪೆನ್ನು ಎತ್ತಿ ಹಿಡಿದರು.

"ಗಂಡನ ಹೆಸರು?"

ಅತ್ತೆ ಕಿಟಕಿಯ ಕಡೆ ನೋಡಿದಳು.

ಗುಮಾಸ್ತರ ಮುಖದಲ್ಲಿ ಸಂತೋಷ ಮೂಡಿತು. ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಅಡ್ಡಗಟ್ಟಿ ಕೇಳಿದರೂ ನಾಚಿ, ಒಗಟು ಕಟ್ಟಿ ಹೇಳುತ್ತಾರೆ. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂಬ ಮಾತಿದೆ. "ಗೊತ್ತಾಯ್ತು ಬಿಡಿ ತಾಯಿ," ಎಂದರು ಅವರು. "ನಮ್ಮಜ್ಜಿನೂ ಹಿಂಗೇ. ಸಾಯೋವರೆಗೂ ನಮ್ಮಜ್ಜನ ಹೆಸರು ಹೇಳಲಿಲ್ಲ. ಮೇಡಂ, ನೀವೇ ಹೇಳಿ."

ನಾನು ಬಾಯಿ ತೆರೆದುಬಿಟ್ಟೆ. ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ನನ್ನ ಕಸುಬು. ಆ ಹೆಸರು ನನ್ನ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು, ಎಷ್ಟು ಕಾಗದದಲ್ಲಿ ಓದಿದ್ದೆನೋ ಏನೋ. ಅತ್ತೆಯ ಮೊಣಕೈ ನನ್ನ ಪಕ್ಕೆಗೆ ಬಿತ್ತು.

"ಅವಳ್ಗೂ ಗೊತ್ತಿಲ್ಲ," ಎಂದಳು.

"ಅಲ್ಲಮ್ಮಾ, ಕತ್ತಲ್ಲಿ ತಾಳಿ ಇದೆ..."

"ಅದೆ. ಚಿನ್ನ ನಮ್ಮಪ್ಪ ಆಕ್ಸಿದ್ದು."

"ಹಣೇಲಿ ಕುಂಕುಮ ಇದೆ."

"ಅದೂ ಅದೆ. ಉಟ್ದಾಗ ನಮ್ಮವ್ವ ಇಟ್ಟಿದ್ದು."

ಗುಮಾಸ್ತರು ಮಗುವಿಗೆ ಹೇಳುವಂತೆ ಹೇಳಿದರು, "ಹೆಸರು ಹೇಳಿದ್ರೆ ಯಜಮಾನರ ಆಯಸ್ಸೇನೂ ಕಮ್ಮಿ ಆಗಲ್ಲ ತಾಯಿ. ಅದೆಲ್ಲ ಮೂಢನಂಬಿಕೆ."

"ಅದು ನಂಗೂ ಗೊತ್ತು ಸಾಮಿ," ಎಂದಳು ಅತ್ತೆ. "ಆಯಸ್ಸು ಕಮ್ಮಿ ಆಗಂಗಿದ್ದಿದ್ರೆ ದಿನಾ ಬೆಳಿಗ್ಗೆ ಎದ್ದು ನೂರೆಂಟ್ ಸಲ ಏಳ್ತಿದ್ದೆ."

ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸಿನ ಕೈ ನಿಂತಿತು. ಗುಮಾಸ್ತರು ಫಾರಂ ಕಡೆ ತಲೆ ಬಗ್ಗಿಸಿ, ‘ತಂದೆ/ಪತಿ’ ಎಂದಿದ್ದ ಸಾಲಿನಲ್ಲಿ ಪತಿ ಎಂಬ ಮಾತಿಗೆ ಒಂದು ಗೀಟು ಎಳೆದರು.

"ತಂದೆ ಹೆಸರು ಹೇಳಿ."

ಅತ್ತೆ ತನ್ನ ಅಪ್ಪನ ಹೆಸರನ್ನು ಕೂಗಿದಳು. ಬೀದಿಯ ಆ ತುದಿಗೆ ಕೂಗುತ್ತಿದ್ದಳಲ್ಲ, ಅದೇ ಗಂಟಲು. ಹೊರಗೆ ಸಾಲಿನಲ್ಲಿ ನಿಂತಿದ್ದವರು ಇಣುಕಿ ನೋಡಿದರು. ಕೊನೆಗೆ ಗುಮಾಸ್ತರು ಗುರುತಿಗೆ ಎಂದು ರೇಷನ್ ಕಾರ್ಡ್ ಕೇಳಿದರು. ಕೊಟ್ಟೆ, ಅದರಲ್ಲಿ ಆ ಹೆಸರು ದಪ್ಪಕ್ಷರದಲ್ಲಿತ್ತು. ಗುಮಾಸ್ತರು ಅದನ್ನು ಓದಿದರು. ಓದಿದ್ದು ನನಗೆ ಕಾಣಿಸಿತು. ಬಾಯಿ ಮಾತ್ರ ಬಿಡಲಿಲ್ಲ. ಕಾರ್ಡನ್ನು ಮಡಚಿ, ಎರಡು ಕೈಯಲ್ಲಿ ಅತ್ತೆಗೆ ಹಿಂದಕ್ಕೆ ಕೊಟ್ಟು, "ಇಲ್ಲಿ ಸಹಿ ಹಾಕಿ ತಾಯಿ," ಎಂದರು. ಡೈರಿ ಪುಸ್ತಕದಲ್ಲಿ ಪಳಗಿದ ಕೈ, ಅತ್ತೆ ಒಂದೇ ಬೀಸಿಗೆ ಹಾಕಿದಳು. ಆ ಮನುಷ್ಯ ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅರ್ಜಿ ಪಾಂಡವಪುರಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಬಂದ ಮೇಲೂ ಲೈನ್‌ಮನ್ ಬರಲಿಲ್ಲ. ಚಿನಕುರಳಿ ಹತ್ತಿರ ಕಲ್ಲು ಹೊರುವ ಲಾರಿಯೊಂದು ಕಂಬಕ್ಕೆ ಗುದ್ದಿ, ಅವನು ವಾರವಿಡೀ ಅಲ್ಲೇ ಇದ್ದನಂತೆ. ಅತ್ತೆ ದಿನಾ ಬೆಳಿಗ್ಗೆ ಗೂಡನ್ನು ಒರೆಸಿ, ಖಾಲಿ ಗೂಡಿನ ಮುಂದೆ ಒಂದು ಹೂವಿಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ಸಾಹೇಬರು, "ಆಯೇಗಾ ಅಮ್ಮಾ, ಬರ್ತಾನೆ. ಸರ್ಕಾರದ್ದು ಕೆಲಸ ಮಾವಿನ ಉಪ್ಪಿನಕಾಯಿ ಇದ್ದಂಗೆ, ನೆನೀಬೇಕು," ಎನ್ನುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಲೈನ್‌ಮನ್ ಸೈಕಲ್ಲಿನ ಮೇಲೆ ಕಪ್ಪು ವೈರಿನ ಸುರುಳಿ, ಒಂದು ಫೋನು ಹೇರಿಕೊಂಡು ಬಂದ. ಕಂಬ ಹತ್ತಿದ, ಸಾಹೇಬರ ಹೆಂಚಿನ ಮೇಲೆ ನಡೆದ, ಎರಡು ಹೆಂಚು ಒಡೆದ. ಅತ್ತೆ ಅವನಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು ಕೂರಿಸಿ ತಿನ್ನಿಸಿದಳು. ಹೋಗುವಾಗ ಅವನು ರಿಸೀವರನ್ನು ಅವಳ ಕಿವಿಗೆ ಹಿಡಿದ.

"ಉಸ್ರು ಬಂತು," ಎಂದಳು. ಅವಳ ಕಣ್ಣು ತುಂಬಿದ್ದನ್ನು ಆ ವರ್ಷವೆಲ್ಲ ನಾನು ಕಂಡದ್ದು ಅದೊಂದೇ ಸಲ.

ಮೊದಲ ಫೋನು ಮಾಡಿದವಳು ಅತ್ತಿಗೆ. ಪಾಲಹಳ್ಳಿಯ ಮನೆಯಲ್ಲಿ ಈಗ ಫೋನಿರಲಿಲ್ಲ, ಬೂತಿನಿಂದ ಮಾಡಿದ್ದಳು. ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ, ಅತ್ತೆ ಬಾಯ್ತುಂಬ ನಗುತ್ತಿದ್ದಳು. ಮುಂದಿನ ವರ್ಷ ಜಿಲ್ಲೆಯ ಹೊಸ ಟೆಲಿಫೋನ್ ಡೈರೆಕ್ಟರಿ ಬಂತು. ಇರುವೆಯಂಥ ಅಕ್ಷರದ ಸಾಲುಗಳಲ್ಲಿ ನಾನು ಬೆರಳಿಟ್ಟು ಹುಡುಕಿ ತೋರಿಸಿದೆ. ಅವಳ ಹೆಸರು, ಬೀದಿ, ನಂಬರು. ಹಿಂದೆ ಮುಂದೆ ಯಾರೂ ಇಲ್ಲ. ಆ ಪುಟದ ಮೂಲೆ ಮಡಚಿ, ಪುಸ್ತಕವನ್ನು ಫೋನಿನ ಕೆಳಗೇ ಇಟ್ಟಳು. ಬಂದವರಿಗೆ ಕಾಫಿಗಿಂತ ಮೊದಲು ಆ ಪುಟ.

ಅದರ ಮುಂದಿನ ಚಳಿಗಾಲ. ಭಾನುವಾರ ಮಧ್ಯಾಹ್ನ ನಾವಿಬ್ಬರೂ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದೆವು. ಫೋನು ಹೊಡೆಯಿತು. ದೂರದಿಂದ ಮಾಡುವವರು ಆಗ ಕೂಗಿಯೇ ಮಾತಾಡುತ್ತಿದ್ದರು, ಆದ್ದರಿಂದ ಎರಡು ಮಾರು ದೂರದಲ್ಲಿದ್ದ ನನಗೂ ಕೇಳಿಸಿತು.

"ಅಲೋ, ಕೆ.ಆರ್. ಪೇಟೆಯಿಂದ ಕಣಮ್ಮ. ಪಾಲಳ್ಳಿಯೋರು ನಂಬರ್ ಕೊಟ್ರು." ಆ ದನಿ ಆ ಮನುಷ್ಯನ ಹೆಸರನ್ನು ಹೇಳಿತು. "ಅವ್ರ ಹೆಂಡ್ತಿ ಮನೆ ಅಲ್ವಾ? ಬೆಳಿಗ್ಗೆ ಅವ್ರು ಓಗ್ಬುಟ್ರು. ಸುದ್ದಿ ಮುಟ್ಟಿಸ್ಬೇಕಿತ್ತು."

ನಮ್ಮಲ್ಲಿ ಸಾವಿನ ಸೂತಕ ಶುರುವಾಗುವುದು ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ. ಕೇಳಿದವರು ಇದ್ದಲ್ಲಿಂದಲೇ ಎದ್ದು ತಲೆಗೆ ನೀರು ಹಾಕಿಕೊಳ್ಳಬೇಕು. ಹೆಂಡತಿಯಾದರೆ ಅಷ್ಟಕ್ಕೆ ಮುಗಿಯುವುದಿಲ್ಲ. ನಾಲ್ಕು ಹೆಂಗಸರು ಸೇರಿ ಹೂವು ಮುಡಿಸಿ, ಕೊನೆಯ ಸಲ ಕುಂಕುಮ ಇಟ್ಟು, ಅದನ್ನು ಒರೆಸಿ, ಕೈಯ ಬಳೆಗಳನ್ನು ಕಲ್ಲಿಗೆ ಕುಟ್ಟಿ ಒಡೆಯುತ್ತಾರೆ. ನನ್ನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಐವತ್ತು ವರ್ಷ ಅವನಿಲ್ಲದೆ ಬದುಕಿದವಳ ಬಳೆಯನ್ನು ಅವನು ಸತ್ತು ಒಡೆಯುತ್ತಾನಲ್ಲ ಎಂದುಕೊಂಡೆ.

ಅತ್ತೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಈ ಫೋನು ನನ್ನೆಸ್ರಲ್ಲಿ ಅದೆ ಕಣಪ್ಪ," ಎಂದಳು. "ಅವ್ರ ಹೆಂಡ್ತಿ ಅನ್ನೋರು ಇಲ್ಲಿ ಯಾರೂ ಇಲ್ಲ. ರಾಂಗ್ ನಂಬರ್ರು."

ಮೆಲ್ಲಗೆ ಇಟ್ಟಳು. ತಕ್ಷಣ ಅದು ಮತ್ತೆ ಹೊಡೆಯಿತು. ಅತ್ತೆ ಎತ್ತಲಿಲ್ಲ. ಅದು ಹೊಡೆದು ಹೊಡೆದು ಸುಮ್ಮನಾಗುವವರೆಗೂ ಅದರ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳು ಬಚ್ಚಲಿಗೆ ಹೋಗುತ್ತಾಳೇನೋ ಎಂದು ನಾನು ನೋಡುತ್ತಿದ್ದೆ. ಹೋಗಲಿಲ್ಲ. ಬಂದು ಮೊರದ ಮುಂದೆ ಕೂತಳು.

"ಅದಿನೆಂಟು ವರ್ಸ ನಂಗಾಗ," ಎಂದಳು. ಅಷ್ಟು ಬಿಟ್ಟರೆ ಅವನ ಬಗ್ಗೆ ಇನ್ನೊಂದು ಮಾತಿಲ್ಲ. ಸ್ವಲ್ಪ ಹೊತ್ತಿಗೆ, "ನಿನ್ ಕೈ ಯಾಕೆ ನಿಂತೋಯ್ತು? ಸುಲಿಯವ್ವ, ಸಂಜೆಗೆ ಸಾರಾಗ್ಬೇಕು," ಎಂದಳು. ನಾನು ಸುಲಿದೆ. ಆ ಸಂಜೆ ಹಿತಕಿದ ಬೇಳೆ ಸಾರು, ಮುದ್ದೆ ಮಾಡಿ, ಸಾಹೇಬರ ಮನೆಗೂ ಒಂದು ಬಟ್ಟಲು ಕೊಟ್ಟಳು.

ಮಾರನೆಯ ದಿನ ಅಣ್ಣ ಬಸ್ಸಿಳಿದು ಬಂದ. ತಲೆಗೆ ಸ್ನಾನ ಮಾಡಿದ್ದ. ಬಾಗಿಲಲ್ಲೇ ನಿಂತು ಅವಳ ಕೈಯನ್ನೇ ನೋಡುತ್ತಿದ್ದ. "ಅತ್ತೆ, ಶಾಸ್ತ್ರ ಅಂತ ಒಂದದೆ..." ಎಂದು ಶುರು ಮಾಡಿದ.

"ಯಾರಿಗೆ?" ಎಂದಳು ಅತ್ತೆ. "ಈ ಬಳೆ ತೊಡಿಸಿದೋನು ನೀನಲ್ಲ, ಅವ್ನೂ ಅಲ್ಲ. ನಂಗೆ ಯಾವ್ ಸುದ್ದಿನೂ ಬಂದಿಲ್ಲ ಕಣ್ಲಾ. ಕಾಫಿ ಕುಡಿದು ಓಗು."

ಅಣ್ಣ ಕಾಫಿ ಕುಡಿದ. ಹೋಗುವಾಗ ನನ್ನನ್ನು ಹೊರಗೆ ಕರೆದು, ಇದು ಸರಿಯಾ ಎಂದು ಕೇಳಿದ. ನೂರಕ್ಕೆ ನೂರು ಸರಿ ಎಂದೆ. ಆಗಲೂ ಅದೇ ಮಾತು, ಈಗಲೂ ಅದೇ ಮಾತು, ಯಾರು ಬೇಕಾದರೂ ಕೇಳಲಿ.

ಆ ವಾರದ ಸಂತೆಗೆ ಅತ್ತೆ ನನ್ನನ್ನೂ ಕರೆದುಕೊಂಡು ಹೋದಳು. ಸೊಪ್ಪು, ಮೆಣಸಿನಕಾಯಿ ಕೊಂಡ ಮೇಲೆ ಬಳೆ ಅಂಗಡಿಯ ಮುಂದೆ ಕಾಲು ಚಾಚಿ ಕೂತು ಎರಡೂ ಕೈ ನೀಡಿದಳು. ಹಸಿರು ಗಾಜಿನ ಬಳೆ, ಕೈಗೊಂದು ಡಜನ್. ಹಳೆಯವು ಇದ್ದಹಾಗೇ ಇರಲಿ, ಅವುಗಳ ಮೇಲೆಯೇ ತೊಡಿಸು ಎಂದಳು. ಬಳೆಗಾರ ಅವಳ ಗಂಟುಬಿದ್ದ ಬೆರಳುಗಳನ್ನು ಹಿಸುಕಿ ಹಿಸುಕಿ ಒಂದೊಂದಾಗಿ ಏರಿಸಿದ. ಮೊಣಕೈಯವರೆಗೆ ಬಂದವು.

"ಇಷ್ಟೊಂದಾ? ಏನವ್ವ ಇಸೇಸ, ಮನೇಲಿ ಮದ್ವೆಯಾ?" ಎಂದು ಅವನು ಕೇಳಿದ.

ಅತ್ತೆ ಕೈ ಎತ್ತಿ ಬಿಸಿಲಿಗೆ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದಳು.

"ಏನಿಲ್ಲ ಕಣಪ್ಪ," ಎಂದಳು. "ಮೊನ್ನೆ ಒಂದು ರಾಂಗ್ ನಂಬರ್ ಬಂದಿತ್ತು."